ತಲೆಗೊಂದು ಫಾರ್ಮು

ಆ ಭಾನುವಾರದ ಬಗ್ಗೆ ನನ್ನ ಡೈರಿಯಲ್ಲಿ ಇರುವುದು ನಾಲ್ಕೇ ಸಾಲು. "ಗಣೇಶನ ಹಬ್ಬ, ಕಾಪೆಲ್‌ನ ಶಾಲೆ ಆಡಿಟೋರಿಯಂ. ಅರವತ್ತೊಂದು ಫಾರ್ಮು. ಇಷ್ಟು ಯಾವತ್ತೂ ಆಗಿರಲಿಲ್ಲ. ಮೊಸರನ್ನದ ಹತ್ತಿರ ಧಾರವಾಡದ ಒಬ್ಬ ತಾಯಿ ಮಾತಿಗೆ ಸಿಕ್ಕರು, ಗ್ರೀನ್ ಕಾರ್ಡ್ ಮೇಲೆ ಮಗನ ಮನೆಗೆ ಬಂದು ಮೂರು ವರ್ಷವಂತೆ, ಬಹಳ ಚುರುಕು." ಇದರಾಚೆ ಆ ದಿನದ ಬಗ್ಗೆ ನಾನು ಏನು ಹೇಳಿದರೂ ಅದು ನೆನಪಿನಿಂದ ಹೇಳಿದ್ದು. ನೆನಪಿನ ಮೇಲೆ ನನಗೆ ಮೊದಲೇ ಅಷ್ಟು ನಂಬಿಕೆ ಇರಲಿಲ್ಲ. ಆ ವಾರ ಕಳೆಯುವಷ್ಟರಲ್ಲಿ ಇದ್ದದ್ದೂ ಹೋಯಿತು.

ಟೆಕ್ಸಸ್‌ನಲ್ಲಿ ಯಾರು ಬೇಕಾದರೂ ಮೇಜು ಹಾಕಿಕೊಂಡು ಮತದಾರರ ಅರ್ಜಿ ಸಂಗ್ರಹಿಸುವಂತಿಲ್ಲ. ಕೌಂಟಿ, ಅಂದರೆ ಜಿಲ್ಲಾ, ಕಚೇರಿಯ ತರಬೇತಿ ಪಡೆದು, ಅವರು ನೇಮಿಸಿ ಪ್ರಮಾಣಪತ್ರ ಕೊಟ್ಟ ಮೇಲೆಯೇ ಕೂರಬೇಕು. ಕಾಪೆಲ್‌ನಂತೆಯೇ ಡಾಲಸ್ ಪಕ್ಕದ ಊರಾದ ರಿಚರ್ಡ್‌ಸನ್‌ನ ಒಂದು ಟೆಲಿಕಾಂ ಕಂಪನಿಯಲ್ಲಿ ಉಪಕರಣಗಳನ್ನು ಪರೀಕ್ಷಿಸುವುದು ನನ್ನ ಹೊಟ್ಟೆಪಾಡಿನ ಕೆಲಸ. ಶನಿವಾರ, ಭಾನುವಾರ ಇದು. ನಾಲ್ಕು ವರ್ಷದಿಂದ ಮಾಡುತ್ತಿದ್ದೆ. ನಿಯಮಗಳು ಹೆಚ್ಚಿಲ್ಲ. ಅರ್ಜಿಯಲ್ಲಿ ಎಲ್ಲ ಮನೆಗಳೂ ತುಂಬಿವೆಯೇ ಎಂದು ನೋಡಬೇಕು. ತುಂಬಿದವರು ನಿಜವಾಗಿ ಅರ್ಹರೇ ಅಲ್ಲವೇ ಎಂದು ತೀರ್ಮಾನಿಸುವ ಅಧಿಕಾರ ನನಗಿಲ್ಲ, ಅದು ಕಚೇರಿಯದು. ಪ್ರತಿ ಅರ್ಜಿಗೂ ನಂಬರು ಇರುವ ರಸೀದಿ ಹರಿದು ಕೊಡಬೇಕು, ಅದರ ಪ್ರತಿಯನ್ನು ಅರ್ಜಿಯ ಜೊತೆಗೆ ಕಚೇರಿಗೆ ಒಪ್ಪಿಸಬೇಕು. ಐದು ದಿನದ ಒಳಗೆ. ಕೈಗೆ ಬಂದ ಅರ್ಜಿಯನ್ನು ಒಪ್ಪಿಸದೆ ಇಟ್ಟುಕೊಂಡರೆ ಅಥವಾ ನಾಶ ಮಾಡಿದರೆ ಅಪರಾಧ.

ಇನ್ನೊಂದು ನಿಯಮವಿದೆ. ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು ಅರ್ಜಿದಾರರ ಪರವಾಗಿ ಸಹಿ ಮಾಡಬಹುದು, ಅರ್ಜಿದಾರರು ಆ ಕೆಲಸವನ್ನು ಅವರಿಗೆ ಒಪ್ಪಿಸಿದ್ದರೆ. ತರಬೇತಿ ಕೊಟ್ಟ ಹೆಂಗಸು ಎರಡು ಸಲ ಹೇಳಿದ್ದಳು: ಯಾರಾದರೂ ಬೇರೆಯವರ ಪರವಾಗಿ ಸಹಿ ಮಾಡಿದರೆ, "ಅವರು ನಿಮಗೆ ಹೇಳಿದ್ದಾರಾ?" ಅಂತ ಬಾಯಿ ಬಿಟ್ಟು ಕೇಳಿ.

ಹಿಂದಿನ ವರ್ಷಗಳಲ್ಲಿ ನನ್ನ ಮೇಜು ಆಡಿಟೋರಿಯಂನ ಬಾಗಿಲಲ್ಲಿ ಇರುತ್ತಿತ್ತು. ಒಂದು ಹಬ್ಬಕ್ಕೆ ಎಂಟೋ ಹತ್ತೋ ಅರ್ಜಿ. ಈ ದೇಶದ ಪೌರರಾಗಿ ಹತ್ತು ವರ್ಷವಾದವರು, ಮನೆ ಮುಂದೆ ಮೂರು ಕಾರು ನಿಲ್ಲಿಸಿಕೊಂಡವರು, ನನಗೆ ಕೈ ಮುಗಿದು "ಮುಂದಿನ ಸಲ ಖಂಡಿತ" ಎಂದು ಒಳಗೆ ಹೋಗುತ್ತಿದ್ದರು. "ನಮ್ಮ ಒಂದು ಓಟಿಂದ ಏನಾಗುತ್ತೆ ಬಿಡಿ" ಎಂದು ಹೇಳಿದ ಒಬ್ಬರು, ನಮ್ಮ ಕನ್ನಡ ಸಂಘದ ಖಜಾಂಚಿ ಚುನಾವಣೆಗೆ ಮಾತ್ರ ಎರಡು ವ್ಯಾನು ತುಂಬ ಜನ ಕರೆತಂದಿದ್ದರು. ನನಗೆ ಅವರ ಮೇಲೆ ಇದ್ದ ಸಿಟ್ಟು ಹಳೆಯದು. ಈ ವರ್ಷದ ಅರವತ್ತೊಂದನ್ನು ನಾನು ಪ್ರಶ್ನಿಸದೆ ನುಂಗಿದ್ದಕ್ಕೆ ಆ ಸಿಟ್ಟೂ ಕಾರಣ ಇರಬೇಕು.

ಸಂಘದ ಅಧ್ಯಕ್ಷರು ಬೆಂಗಳೂರಿನವರು, ಕೆಲಸ ಆಗಬೇಕು ಅನ್ನುವ ಮನುಷ್ಯ. ಈ ಸಲ ನನ್ನ ಮೇಜನ್ನು ಅವರೇ ಎತ್ತಿಸಿ ಊಟದ ಟೋಕನ್ ಕೊಡುವ ಮೇಜಿನ ಪಕ್ಕ ಹಾಕಿಸಿದರು.

"ಬಾಗಿಲಲ್ಲಿ ಕೂತ್ರೆ ಜನ ಚಪ್ಪಲಿ ಬಿಟ್ಟು ಓಡ್ತಾರೆ ಮೇಡಂ. ಇಲ್ಲಾದ್ರೆ ನಿಲ್ಲಲೇಬೇಕು" ಎಂದರು.

ನನ್ನ ಬ್ಯಾನರಿನ ಮುಂದೆ ಟೋಕನ್ ಡಬ್ಬಗಳು ಬಂದು ಕೂತವು. ಆಮೇಲೆ ಅವರು ಮೈಕ್ ಹಿಡಿದು, "ಮನೇಲಿ ಎಷ್ಟು ಜನ ಇದೀರೋ ಅಷ್ಟು ಫಾರ್ಮ್ ತುಂಬಿ, ಅಷ್ಟು ಟೋಕನ್ ತಗೊಂಡು ಊಟಕ್ಕೆ ಹೋಗಿ. ತಲೆಗೊಂದು" ಎಂದು ಸಾರಿದರು. ಸಾಲು ಕಟ್ಟಿತು. ಸಂಘದ ಯಾವ ಫಾರ್ಮನ್ನಾದರೂ ನಮ್ಮವರು ತುಂಬುವ ಕ್ರಮ ಒಂದೇ: ಮನೆಯ ಯಜಮಾನ ಪೆನ್ನು ಹಿಡಿಯುತ್ತಾನೆ, ಉಳಿದವರು ಮಕ್ಕಳನ್ನು ಹಿಡಿಯುತ್ತಾರೆ. ಪಿಕ್ನಿಕ್ ಇರಲಿ, ಸದಸ್ಯತ್ವ ಇರಲಿ, ಎಲ್ಲ ಪ್ರಶ್ನೆಗೂ "ಹೌದು" ಎಂದು ಗೀಟು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ. ನಾನು ಎದ್ದು ಮೈಕ್ ಕಸಿದುಕೊಂಡು ಇದು ಊಟದ ಫಾರ್ಮಲ್ಲ ಎನ್ನಬೇಕಿತ್ತು. ಕೂತೇ ಇದ್ದೆ. ಅಂತೂ ನಮ್ಮ ಜನಕ್ಕೆ ಬುದ್ಧಿ ಬಂತು ಎಂದು ಸಂತೋಷಪಡುತ್ತಿದ್ದೆ.

ಆ ಸಾಲಿನಲ್ಲಿ ನೀಲಿ ರೇಷ್ಮೆ ಕುರ್ತಾ ತೊಟ್ಟ ನಲವತ್ತೈದರ ಆಸುಪಾಸಿನ ಎಂಜಿನಿಯರ್ ಒಬ್ಬ ನಾಲ್ಕು ಅರ್ಜಿ ಕೊಟ್ಟ. ಅವನದು, ಹೆಂಡತಿಯದು, ಆಸ್ಟಿನ್‌ನಲ್ಲಿ ಓದುತ್ತಿರುವ ಮಗಳದು, ತಾಯಿಯದು. ಹೆಂಡತಿ ಪಕ್ಕದಲ್ಲೇ ಇದ್ದು ತಾನೇ ಸಹಿ ಹಾಕಿದ್ದಳು. ಮಗಳ ಮತ್ತು ತಾಯಿಯ ಅರ್ಜಿಯಲ್ಲಿ ಅವನ ಸಹಿ, ಸಂಬಂಧ ಎಂಬಲ್ಲಿ ಒಂದರಲ್ಲಿ "ತಂದೆ", ಇನ್ನೊಂದರಲ್ಲಿ "ಮಗ". ನೀವು ಅಮೆರಿಕದ ಪೌರರೇ ಎಂಬ ಪ್ರಶ್ನೆಗೆ ನಾಲ್ಕರಲ್ಲೂ "ಹೌದು". ಮನೆಗಳೆಲ್ಲ ತುಂಬಿದ್ದವು. ನಾಲ್ಕು ರಸೀದಿ ಕೊಟ್ಟೆ.

ಸೋಮವಾರ ಕೆಲಸದಿಂದ ಬಂದು ಊಟದ ಮೇಜಿನ ಮೇಲೆ ಅರ್ಜಿಗಳನ್ನು ರಸೀದಿ ನಂಬರಿನ ಪ್ರಕಾರ ಜೋಡಿಸುವಾಗ ಆ ತಾಯಿಯದು ಕೈಗೆ ಬಂತು. ಕಾಪೆಲ್ ವಿಳಾಸ, ಎಪ್ಪತ್ತೊಂದು ವರ್ಷ. ಮೊಸರನ್ನದ ಹತ್ತಿರ ಸಿಕ್ಕ ತಾಯಿ "ಅಂವಾ ನೋಡ್ರಿ ನನ್ನ ಮಗ" ಎಂದು ನೀಲಿ ಕುರ್ತಾದವನನ್ನೇ ತೋರಿಸಿದ್ದರು. ಮೂರು ವರ್ಷ ಅಂದರೋ ಹದಿಮೂರು ಅಂದರೋ ಎಂದು ಸಂಶಯ ಬಂದು ಡೈರಿ ತೆಗೆದೆ. ಮೂರು ಎಂದೇ ಇತ್ತು, ಗ್ರೀನ್ ಕಾರ್ಡ್ ಎಂದೂ ಇತ್ತು. ಮಗನ ಕಡೆಯಿಂದ ಬಂದವರಿಗೆ ಪೌರತ್ವಕ್ಕೆ ಅರ್ಜಿ ಹಾಕಲೇ ಐದು ವರ್ಷ ಬೇಕು.

ಇದರ ಅರ್ಥ ಈ ದೇಶದಲ್ಲಿ ಕಾಗದಪತ್ರಗಳ ಜೊತೆ ಏಗಿದ ಯಾರಿಗಾದರೂ ಗೊತ್ತು. ಪೌರರಲ್ಲದವರು ಮತದಾರರ ಅರ್ಜಿಯಲ್ಲಿ ಪೌರರೆಂದು ಹೇಳಿಕೊಂಡರೆ ಮುಂದೆ ಪೌರತ್ವ ಸಿಗದೆ ಹೋಗಬಹುದು. ಇರುವ ಗ್ರೀನ್ ಕಾರ್ಡೂ ಹೋಗಬಹುದು, ದೇಶ ಬಿಡಿ ಎನ್ನಬಹುದು. ಗೊತ್ತಿರಲಿಲ್ಲ ಎಂದರೆ ಸುಲಭಕ್ಕೆ ಕೇಳುವುದಿಲ್ಲ. ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಸಿಕೊಳ್ಳುತ್ತಿದ್ದ ಒಬ್ಬ ಹೆಂಗಸು, ತನಗೆ ತಿಳಿಯದೆಯೇ, ನನ್ನ ಚೀಲದೊಳಗೆ ಒಂದು ಅಪರಾಧ ಮಾಡಿ ಕೂತಿದ್ದರು. ಶುಕ್ರವಾರದೊಳಗೆ ನಾನು ಅದನ್ನು ಸರಕಾರಕ್ಕೆ ಒಪ್ಪಿಸಬೇಕಿತ್ತು.

ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ನಾಲ್ಕು ಅರ್ಜಿಗೂ ಮಗನ ನಂಬರೇ ಇತ್ತು.

"ಅಲ್ರಿ ಆಂಟಿ, ಎಲ್ಲಾರದೂ ತುಂಬ್ರಿ ಅಂತ ಮೈಕಿನಾಗ ಹೇಳಿದ್ರಲ್ಲ" ಎಂದ.

"ನೀವು ಪೌರರೇನು ಅಂತ ಅದರಲ್ಲೇ ಪ್ರಶ್ನೆ ಇದೆ. ಓದಲಿಲ್ವಾ?"

"ಓದಿದ್ನೋ ಇಲ್ಲೋ... ಹಿಂದ ಮಂದಿ ಹಸದು ನಿಂತಿದ್ರು. ಅದೇನ್ ದೊಡ್ಡ ಇಶ್ಯೂ ಅಲ್ರಿ. ಹರದು ಒಗೀರಿ."

"ರಸೀದಿ ಕೊಟ್ಟಿದ್ದೀನಿ. ನಂಬರ್ ಇದೆ. ಅಮ್ಮ ನಿಮಗೆ ಸಹಿ ಮಾಡು ಅಂದಿದ್ರಾ ಅಂತ ನಾನು ಆವತ್ತು ಕೇಳಿದ್ದೆನಲ್ಲ?"

"ಕೇಳಿರಬೇಕ್ರಿ" ಎಂದ.

ಮರ್ಯಾದೆಗೆ ಹೇಳಿದ ಮಾತು. ನಾನದನ್ನು ಸಾಕ್ಷಿಯಂತೆ ಎತ್ತಿಟ್ಟುಕೊಂಡೆ.

ಮಂಗಳವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಾರಿನಲ್ಲಿ ಕೂತು ಕೌಂಟಿಯ ಸಹಾಯವಾಣಿಗೆ ಫೋನ್ ಮಾಡಿದೆ. ಹೆಸರು ಹೇಳದೆ ವಿಷಯ ಹೇಳಿದೆ. ಆ ಕಡೆಯ ದನಿ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಿತು: ಅರ್ಹತೆ ನೋಡುವುದು ನಿಮ್ಮ ಕೆಲಸವಲ್ಲ, ಬಂದದ್ದನ್ನು ತಂದುಕೊಡಿ, ಪೌರರಲ್ಲದಿದ್ದರೆ ಮುಂದೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಆ ಮನುಷ್ಯರಿಗೆ ಏನಾಗುತ್ತದೆ ಎಂದೆ. ಅದು ಬೇರೆ ಇಲಾಖೆ ಎಂದಿತು. ಸಿಟ್ಟು ಬಂತು. ಆದರೆ ತಪ್ಪೆನ್ನಲು ಏನೂ ಸಿಗಲಿಲ್ಲ. ನಾನೇ ನಾಲ್ಕು ವರ್ಷ ಹೊಸ ಸ್ವಯಂಸೇವಕರಿಗೆ ಅದೇ ವಾಕ್ಯವನ್ನು ಹೆಮ್ಮೆಯಿಂದ ಹೇಳಿಕೊಟ್ಟಿದ್ದೆ.

ಆ ಸಂಜೆ ಅರವತ್ತೊಂದನ್ನೂ ಮತ್ತೆ ಒಂದೊಂದಾಗಿ ನೋಡಿದೆ. ಬೇರೆಯವರ ಪರವಾಗಿ ಸಹಿಯಾದವು ಹದಿನೇಳು. ಈ ಎರಡನ್ನು ಬಿಟ್ಟು ಹದಿನೈದು ಮನೆಗೆ ಎರಡು ಸಂಜೆ ಫೋನ್ ಮಾಡಿದೆ. ಎಲ್ಲರೂ ಪೌರರೇ. ಆದರೆ ತಮ್ಮ ಹೆಸರಲ್ಲಿ ಅರ್ಜಿ ಹೋಗಿದೆ ಎಂದು ಗೊತ್ತಿದ್ದವರು ನಾಲ್ಕು ಜನ. ಉಳಿದವರು ಈಗ ಒಪ್ಪಿ, ಕೊಟ್ಟುಬಿಡಿ ಎಂದರು. ಒಬ್ಬ ಹೃದಯ ಶಸ್ತ್ರವೈದ್ಯೆ, "ಓ, ಮತದಾನದ್ದಾ ಅದು? ನಾನು ಬಿಸಿಬೇಳೆಬಾತಿಗೆ ಅಂದುಕೊಂಡಿದ್ದೆ" ಎಂದು ನಕ್ಕರು. ಅವರ ಗಂಡ ಹಿಂದಿನಿಂದ "ನಾನ್ ನೋಡ್ಕೋತೀನಿ ಬಿಡೇ" ಎಂದದ್ದು ಕೇಳಿಸಿತು. ದಿನಕ್ಕೆ ಮೂರು ಎದೆ ತೆರೆದು ಹೊಲಿಯುವವರ ಮತವನ್ನು ನೋಡಿಕೊಳ್ಳಲು ಇನ್ನೊಬ್ಬರು.

ಅಧ್ಯಕ್ಷರಿಗೂ ಹೇಳಿದೆ. "ಅಯ್ಯೋ ಮೇಡಂ, ಅರವತ್ತೊಂದು ಅಂತ ಆಗ್ಲೇ ಗ್ರೂಪಲ್ಲಿ ಹಾಕ್ಬಿಟ್ಟಿದೀನಿ" ಎಂದರು. ಆಮೇಲೆ, ಅವರ ಪರವಾಗಿ ಇದನ್ನೂ ಹೇಳಬೇಕು, "ನನ್ನಿಂದ ಏನಾದ್ರೂ ಬರ್ಕೊಡ್ಬೇಕಾದ್ರೆ ಬರ್ಕೊಡ್ತೀನಿ" ಎಂದರು.

ಹ್ಯೂಸ್ಟನ್‌ನಲ್ಲಿ ವಲಸೆ ವಕೀಲಿಕೆ ಮಾಡುವ ಒಬ್ಬಳು ನನ್ನ ಮೈಸೂರಿನ ಹಾಸ್ಟೆಲ್ ಗೆಳತಿ. ಬುಧವಾರ ಅವಳು ಸಿಕ್ಕಳು.

"ಹರೀಬೇಡ" ಎಂದಳು, ನಾನು ಕೇಳುವ ಮೊದಲೇ. "ಹರಿದರೆ ನೀನು ಸಿಕ್ಕಿಬೀಳ್ತೀಯ, ಆಕೆ ಏನೋ ಮುಚ್ಚಿಟ್ಟ ಹಾಗೂ ಕಾಣುತ್ತೆ. ಹಾಗೇ ತಗೊಂಡು ಹೋಗಿ ಕೊಡಲೂ ಬೇಡ."

"ಮತ್ತೆ?"

"ಸಹಿ ಮಾಡೋಕೆ ಆಕೆ ಹೇಳಿರ್ಲಿಲ್ಲ ಅಂದ್ರೆ ಅದು ಆಕೆಯ ಅರ್ಜಿನೇ ಅಲ್ಲ. ಆದ್ರೆ ಅದನ್ನ ಆಕೆ ಹೇಳ್ಬೇಕು. ಕೈಯಾರೆ ಬರೀಲಿ, ನನಗೆ ಗೊತ್ತಿಲ್ಲದೆ ಆಗಿದೆ, ಅರ್ಜಿ ವಾಪಸ್ ತಗೋತೀನಿ ಅಂತ. ಮಗ ಬರೀಲಿ, ಕೇಳದೆ ಸಹಿ ಮಾಡಿದ್ದು ನಾನು ಅಂತ. ಕಂಪ್ಯೂಟರ್‌ಗೆ ಏರೋಕೆ ಮುಂಚೆ ಅರ್ಜಿ ಜೊತೆಗೇ ಕೊಟ್ಟು ಮೊಹರು ಹಾಕಿಸ್ಕೊಂಡು ಬನ್ನಿ. ಎರಡು ವರ್ಷ ಬಿಟ್ಟು ಸಿಟಿಜನ್‌ಶಿಪ್‌ಗೆ ಹಾಕ್ದಾಗ, ಯಾವತ್ತಾದ್ರೂ ಮತದಾರರಾಗಿ ನೋಂದಣಿ ಆಗಿದ್ರಾ ಅಂತ ಕೇಳೇ ಕೇಳ್ತಾರೆ. ಆಗ ಆ ಕಾಗದ ಒಂದೇ ಆಕೆನ ಕಾಯೋದು. ನೀನು ಮಗನ್ನ ಕೇಳಿದ್ಯಾ, ತಾಯಿ ಒಪ್ಪಿದಾರಾ ಅಂತ?"

"ಕೇಳಿದ್ದೆ" ಎಂದೆ. "ಚೆನ್ನಾಗಿ ನೆನಪಿದೆ."

ಸೋಮವಾರ ಪ್ರಶ್ನೆಯಾಗಿದ್ದದ್ದು ಬುಧವಾರಕ್ಕೆ ಚೆನ್ನಾಗಿ ನೆನಪಿತ್ತು.

ಮಗನಿಗೆ ಫೋನ್ ಮಾಡಿ ವಕೀಲೆ ಹೇಳಿದ್ದನ್ನು ಹೇಳಿದೆ. ಅವನ ದನಿ ಬದಲಾಯಿತು. ಅವನು ಇದ್ದದ್ದು ರಕ್ಷಣಾ ಇಲಾಖೆಯ ಒಂದು ಪ್ರಾಜೆಕ್ಟಿನಲ್ಲಿ, ಸರಕಾರ ಪೂರ್ವಾಪರ ನೋಡಿ ಅನುಮತಿ ಕೊಟ್ಟವರಿಗೆ ಮಾತ್ರ ಅಲ್ಲಿ ಕೆಲಸ.

"ಸುಳ್ಳು ಫಾರ್ಮಿಗೆ ಸಹಿ ಮಾಡೇನಿ ಅಂತ ನಾನ ಬರದ ಕೊಟ್ರ ನನ್ನ ಕ್ಲಿಯರೆನ್ಸ್ ಏನ್ ಆಗ್ಬೇಕ್ರಿ ಆಂಟಿ? ನೀವು ಆ ಒಂದ್ ಫಾರ್ಮ್ ನನಗ ವಾಪಸ್ ಕೊಡ್ರಿ. ಉಳದದ್ದು ನಾ ನೋಡ್ಕೋತೀನಿ."

"ಅಮ್ಮನಿಗೆ ಹೇಳಿದ್ರಾ?"

"ಅವ್ವಗ ಯಾಕ್ರಿ ಸುಮ್ಮನ ಟೆನ್ಶನ್? ಬಿ.ಪಿ. ಅದ ಅಕಿಗೆ."

ಎಂಟು ವರ್ಷದಿಂದ ಈ ದೇಶದ ಪೌರ. ಭಾನುವಾರದ ತನಕ ತನ್ನ ಹೆಸರನ್ನೇ ಮತದಾರರ ಪಟ್ಟಿಗೆ ಸೇರಿಸಿರಲಿಲ್ಲ. ತನ್ನ ಒಂದು ಹಕ್ಕನ್ನು ಎತ್ತಿ ನೋಡದವನು ಊಟದ ಸಾಲಿನಲ್ಲಿ ನಿಂತು ಇಬ್ಬರು ಹೆಂಗಸರ ಹಕ್ಕನ್ನು ವಿಲೇವಾರಿ ಮಾಡಿದ್ದ. ಈಗ ಬಿದ್ದ ಹೊಂಡದಿಂದ ಮೇಲೆ ಬರಲು ತಾಯಿಯ ರಕ್ತದೊತ್ತಡವನ್ನು ಏಣಿ ಮಾಡಿಕೊಳ್ಳುತ್ತಿದ್ದ. ಇಷ್ಟನ್ನೂ ಅವನಿಗೆ ಹೇಳಬೇಕೆನಿಸಿತು. ಹೇಳದೆ ಫೋನ್ ಇಟ್ಟೆ. ಅವನ ಭಯವೂ ಸುಳ್ಳಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಆಸ್ಟಿನ್‌ನಿಂದ ಅವನ ಮಗಳ ಫೋನ್ ಬಂತು. ಅಪ್ಪನಿಂದ ವಿಷಯ ತಿಳಿದಿತ್ತು. ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಳೆದ ವರ್ಷವೇ ತಾನು ಯೂನಿವರ್ಸಿಟಿಯಲ್ಲಿ ನೋಂದಣಿ ಮಾಡಿಸಿದ್ದೇನೆ, ಪುರಸಭೆ ಚುನಾವಣೆಯಲ್ಲಿ ಮತವನ್ನೂ ಹಾಕಿದ್ದೇನೆ ಎಂದಳು. ಈ ಅರ್ಜಿ ಹೋದರೆ ತನ್ನ ಮತ ಆಸ್ಟಿನ್‌ನಿಂದ ಎದ್ದು ಕಾಪೆಲ್‌ಗೆ, ಅಪ್ಪನ ಮನೆಗೆ, ಹೋಗಿ ಕೂರುವುದಿಲ್ಲವೇ ಎಂದು ಕೇಳಿದಳು. ಹೌದು ಎಂದೆ. ತಾನು ಅಪ್ಪನಿಗೆ ಏನನ್ನೂ ಒಪ್ಪಿಸಿಲ್ಲ ಎಂದು ಈಗಲೇ ಬರೆದು ಕಳಿಸುತ್ತೇನೆ ಎಂದಳು. ಮತ್ತೆ ಒಂದು ಪ್ರಶ್ನೆ ಕೇಳಿದಳು. ಅದರಲ್ಲಿ ಒಂದೇ ಪದ ಕನ್ನಡ: ಇದಕ್ಕೆಲ್ಲ ಅಜ್ಜಿ ಏನಂದರು?

ಅಜ್ಜಿಯನ್ನು ನಾನಿನ್ನೂ ಕೇಳಿರಲಿಲ್ಲ. ಮೂರು ದಿನದಲ್ಲಿ ನಾನು ಮಗನ ಜೊತೆ, ಕೌಂಟಿಯ ಜೊತೆ, ಅಧ್ಯಕ್ಷರ ಜೊತೆ, ಹ್ಯೂಸ್ಟನ್‌ನ ಜೊತೆ, ಹದಿನೈದು ಮನೆಗಳ ಜೊತೆ ಮಾತಾಡಿದ್ದೆ. ಮೊಮ್ಮಗಳು ಹದಿನೆಂಟು ದಾಟಿದವಳು, ಅವಳಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಅರ್ಜಿಯಲ್ಲಿ ಮಗನ ಫೋನ್ ನಂಬರ್ ಇತ್ತು ಎಂಬುದು ನೆಪ. ಅರ್ಜಿಯಲ್ಲಿ ಮನೆಯ ವಿಳಾಸವೂ ಇತ್ತು.

ಆಫೀಸಿಗೆ ರಜಾ ಹಾಕಿ ಕಾಪೆಲ್‌ಗೆ ಡ್ರೈವ್ ಮಾಡಿದೆ.

ಬಾಗಿಲು ತೆರೆದವರು ಅವರೇ. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ನನ್ನನ್ನು ಕೂರಿಸಿ ಚಹಾ ಇಟ್ಟರು. ನಾನು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದರು. ನಂತರ ಕೈ ಚಾಚಿ, "ಆ ಫಾರ್ಮ್ ಇಲ್ಲೆ ಕೊಡ್ರಿ" ಎಂದರು. ಕನ್ನಡಕ ಹಾಕಿಕೊಂಡು ಎರಡೂ ಬದಿ ಓದಿದರು. ರಸೀದಿ ಪ್ರತಿಯ ನಂಬರನ್ನು ಬೆರಳಿಟ್ಟು ನೋಡಿದರು.

"ಇದು ನನ್ನ ಸಹಿ ಅಲ್ಲ. ನಾ ಹೇಳಿನೂ ಇಲ್ಲ."

"ಗೊತ್ತಮ್ಮ."

"ನಾನು ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದಾಕಿ. ನಮ್ಮ ಕಡೆ ಎಲೆಕ್ಷನ್ ಅಂದ್ರ ಮಾಸ್ತರಗೋಳ ಕೆಲಸ. ಹದಿನಾಲ್ಕು ಎಲೆಕ್ಷನ್ ಮಾಡೇನ್ರಿ, ಅದರಾಗ ಒಂಬತ್ತು ಪ್ರಿಸೈಡಿಂಗ್ ಆಫೀಸರ್ ಆಗಿ. ಒಂದ್ ಸಲ ನವಲಗುಂದದ ಕಡೆ ಒಂದ ಹಳ್ಳ್ಯಾಗ, ಗೌಡ ಮನೀ ಮಂದೀದೆಲ್ಲಾ ಚೀಟಿ ಹಿಡ್ಕೊಂಡ ಬಂದ. ಅವರು ಹೊಲದಾಗ ಅದಾರ, ಎಲ್ಲಾರ್ದೂ ನಾನ ಒತ್ತಿ ಹೋಗ್ತೇನಿ ಅಂದ. ಪೊಲೀಸಗ ಹೇಳಿ ಹೊರಗ ಕಳಸಿದೆ." ಅರ್ಜಿಯನ್ನು ಮೇಜಿನ ಮೇಲಿಟ್ಟರು. "ಈಗ ಅದ ಕೆಲಸ ನನ್ನ ಮಗಾ ಮಾಡ್ಯಾನ. ಅದೂ ಊಟದ ಚೀಟಿಗೆ."

ನಿಮ್ಮ ಮಗ ಇದನ್ನು ಹರಿದುಹಾಕಲು ಹೇಳಿದ್ದರು ಎಂದೆ.

"ಹರಿಯೂದು?" ನನ್ನನ್ನು ದಿಟ್ಟಿಸಿದರು. ಒಂದು ಕ್ಷಣ ನಾನು ಅವರ ಶಾಲೆಯಲ್ಲಿದ್ದೆ. "ಓಟ್ ಹಾಕಾಂವ ಕೆಡಿಸಿದ ಬ್ಯಾಲೆಟ್ ಸೈತ ನಾವು ಹರೀತಿದ್ದಿಲ್ರಿ. ಹಿಂದ ಕ್ಯಾನ್ಸಲ್ ಅಂತ ಬರದು, ಬ್ಯಾರೆ ಲಕೋಟಿಯೊಳಗ ಹಾಕಿ, ಸೀಲ್ ಮಾಡಿ ಕೊಟ್ಟ ಬರತಿದ್ವಿ. ಕೆಟ್ಟದ್ದು ಕೆಟ್ಟದ್ದಂತನ ಕಾಣಬೇಕು. ಹರದ್ರ ಏನ್ ಕೆಟ್ಟಿತ್ತು ಅಂತ ಯಾರಿಗೆ ಗೊತ್ತಾಗಬೇಕು?"

"ಇದರಿಂದ ನಿಮಗೆ ತೊಂದರೆ ಆಗಬಹುದು ಅಮ್ಮ. ಕೊಟ್ಟ ಮೇಲೆ ನಮ್ಮ ಕೈಲಿ ಇರಲ್ಲ."

"ಆಗಲಿ. ಕಳಸಿದ್ರ ಧಾರವಾಡಕ್ಕ ಕಳಸ್ತಾರ. ಅಲ್ಲೆ ನನ್ನ ಓಟ್ ಅದ." ಹೇಳಿ ಚಹಾದ ಕಪ್ಪುಗಳನ್ನು ಎತ್ತಿಕೊಂಡರು. ಮೊಮ್ಮಗಳ ಫೋಟೋ ಫ್ರಿಡ್ಜಿನ ಮೇಲಿತ್ತು. "ಹೋಗಲಿಕ್ಕೆ ಮನಸ್ಸಿಲ್ಲ ಅನ್ನೂದೂ ಖರೇನ" ಎಂದರು.

ರೂಲು ಇಲ್ಲದ ಬಿಳಿ ಹಾಳೆಯಲ್ಲಿ, ಗೆರೆ ಎಳೆದಷ್ಟು ನೇರವಾಗಿ, ಇಂಗ್ಲಿಷಿನಲ್ಲಿ ಏಳು ವಾಕ್ಯ ಬರೆದರು. ತಾನು ಭಾರತದ ಪ್ರಜೆ, ಈ ಅರ್ಜಿ ತನಗೆ ತಿಳಿಯದೆ ಸಲ್ಲಿಕೆಯಾದದ್ದು, ಸಹಿ ಮಾಡಲು ಯಾರಿಗೂ ಒಪ್ಪಿಸಿಲ್ಲ, ಇದನ್ನು ರದ್ದುಪಡಿಸಬೇಕು. ವಕೀಲೆಗೆ ಫೋನಿನಲ್ಲಿ ಓದಿ ಹೇಳಿದೆ. ಒಂದು ಪದವನ್ನೂ ಬದಲಿಸಬೇಡ ಎಂದಳು.

ಮಗ ಐದು ಗಂಟೆಗೆ ಬಂದ. ನನ್ನನ್ನು ಕಂಡು ಬಾಗಿಲಲ್ಲೇ ನಿಂತ.

"ನನ್ನ ಕೇಳಿದ್ಯೇನು?" ಎಂದರು ತಾಯಿ.

"ಅವ್ವಾ, ಅದು ಬರೇ ಒಂದ್ ಫಾರ್ಮ್..."

"ಕೇಳಿದ್ಯೋ ಇಲ್ಲೋ, ಅಷ್ಟ ಹೇಳು."

"ಇಲ್ಲ."

"ಹಂಗಂತ ಬರಿ."

ಅವನು ಕ್ಲಿಯರೆನ್ಸಿನ ಮಾತೆತ್ತಿದ. ತಾಯಿ ಅಡ್ಡ ಬರಲಿಲ್ಲ, ಪೂರ್ತಿ ಕೇಳಿದರು. "ನಿನ್ನ ನೌಕರಿ ಚಿಂತಿ ನನಗೂ ಅದನೋ" ಎಂದರು. "ಆದ್ರ ನನ್ನ ಹೆಸರಿನ ಮುಂದ ಸುಳ್ಳು ಬರದಾಂವ ನೀನು. ನಾ ಬರೀಲಿಕ್ಕೆ ಆಗ್ತದೇನು?" ಅವನು ಪೆನ್ನು ಹಿಡಿದು ಬಹಳ ಹೊತ್ತು ಕೂತ. ಬರೆದ ಮೇಲೆ ಅದನ್ನು ತಾಯಿಗೆ ಕೊಡಲಿಲ್ಲ. ನನಗೆ ಕೊಟ್ಟು ಒಳಗೆ ಹೋದ.

ಶುಕ್ರವಾರ ಮೂವರೂ ಡಾಲಸ್‌ನ ಕಚೇರಿಗೆ ಅವನ ಕಾರಿನಲ್ಲಿ ಹೋದೆವು. ಕೌಂಟರಿನಲ್ಲಿ ಕನ್ನಡಕಕ್ಕೆ ಮಣಿಸರ ಕಟ್ಟಿಕೊಂಡ ಹಿರಿಯ ಗುಮಾಸ್ತೆಯೊಬ್ಬಳು ಐವತ್ತೊಂಬತ್ತು ಅರ್ಜಿಗಳನ್ನು ರಸೀದಿ ಪ್ರತಿಗಳ ಜೊತೆ ತಾಳೆ ನೋಡಿ ತೆಗೆದುಕೊಂಡಳು. ಮೊಮ್ಮಗಳ ಪತ್ರ ಓದಿ ಅವಳ ಅರ್ಜಿಯನ್ನು ಬೇರೆ ಇಟ್ಟಳು. ಅರವತ್ತೊಂದನೆಯದರ ಜೊತೆಗಿದ್ದ ಎರಡು ಕಾಗದಗಳನ್ನು ಎರಡು ಸಲ ಓದಿದಳು. ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಳು.

ಅವಳು ಹೇಳಿದ್ದು ಇಷ್ಟು. ಅರ್ಜಿ ಇನ್ನೂ ಕಂಪ್ಯೂಟರಿಗೆ ಏರಿಲ್ಲ. ಅರ್ಜಿದಾರರು ಒಪ್ಪಿಸಿಯೇ ಇರಲಿಲ್ಲ ಎನ್ನುವುದು ಸ್ಪಷ್ಟವಿದ್ದರೆ ಇದನ್ನು ಏರಿಸದೆ ರದ್ದೆಂದು ಕಡತದಲ್ಲಿ ಇಡಬಹುದು, ಮೊಹರು ಹಾಕಿದ ಪ್ರತಿಯನ್ನು ಈ ತಾಯಿಗೆ ಕೊಡಬಹುದು. ಆದರೆ ಅರ್ಜಿ ಪಡೆದವರ ಹೇಳಿಕೆಯೂ ಬೇಕು. ಒಂದು ಹಾಳೆಯನ್ನು ನನ್ನ ಕಡೆ ಸರಿಸಿದಳು. ಮೇಜಿನಲ್ಲಿ ಏನು ನಡೆಯಿತೋ ಅದನ್ನು ಬರೆಯಿರಿ.

ಪಕ್ಕದ ಬೆಂಚಿನಲ್ಲಿ ಕೂತು ಬರೆದೆ. ಕೈ ಸರಾಗವಾಗಿ ಓಡಿತು. ನಾಲ್ಕು ವರ್ಷದ ಅನುಭವ, ಪಡೆದ ತರಬೇತಿ, ಮೇಜಿನ ಸ್ಥಳ ಬದಲಾದದ್ದು, ಮೈಕಿನ ಘೋಷಣೆ. ನಂತರ ಬರೆದೆ: ತರಬೇತಿಯಲ್ಲಿ ಹೇಳಿಕೊಟ್ಟಂತೆ, ತಾಯಿ ನಿಮಗೆ ಒಪ್ಪಿಸಿದ್ದಾರಾ ಎಂದು ನಾನು ಮಗನನ್ನು ಕೇಳಿದೆ, ಅವರು ಹೌದೆಂದರು. ಬರೆಯುವಾಗ ಆ ದೃಶ್ಯ ಕಣ್ಣ ಮುಂದಿತ್ತು. ಅವನು ತಲೆ ಆಡಿಸಿದ್ದು, ಕುರ್ತಾದ ತೋಳಿನ ಜರಿ, ಎಲ್ಲ.

ತಾಯಿ ನನ್ನ ಪಕ್ಕ ಕೂತಿದ್ದರು. ಕೇಳದೆಯೇ ಹಾಳೆ ಎತ್ತಿಕೊಂಡು ಓದಿದರು. ಮಗ ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದ.

"ಇದು ನಡದಿಲ್ಲ" ಎಂದರು.

"ಯಾವುದಮ್ಮ?"

"ಈ ಸಾಲು. ನಾ ಇವನ ಹಿಂದ ಎರಡ ಮಾರು ದೂರದಾಗ ತಾಟು ಹಿಡ್ಕೊಂಡ ನಿಂತಿದ್ದೆ. ಸಂಘದ್ದೇನೋ ಫಾರ್ಮ್ ಅಂತ ತಿಳಕೊಂಡಿದ್ದೆ. ನಿಮ್ಮ ಬ್ಯಾನರು ಕಾಣತಿದ್ದಿಲ್ಲ. ಆದ್ರ ನಿಮ್ಮ ಕೈ ನೋಡಕೋತ ನಿಂತಿದ್ದೆ. ರಸೀದಿ ಬಾಳ ಚೊಲೋ ಹರೀತಿದ್ರಿ, ನಂಬರ್ ನೋಡಿ. ಇವಗ ನೀವು ಅದನ್ನ ಕೇಳಲಿಲ್ಲ."

"ಏನೂ ಕೇಳ್ಲಿಲ್ವಾ?"

"ಊಟ ಆತೇನ್ರಿ ಅಂತ ಕೇಳಿದ್ರಿ."

ಮಗನ ಕಡೆ ನೋಡಿದೆ. ಅವನು ತಲೆ ಎತ್ತಿದ, ಇಲ್ಲವೆನ್ನಲಿಲ್ಲ. ಐದು ದಿನ ಅವನ ಮೇಲೆ, ಅಧ್ಯಕ್ಷರ ಮೇಲೆ, ಸಹಾಯವಾಣಿಯ ದನಿಯ ಮೇಲೆ ನಾನು ಹೊತ್ತು ತಿರುಗಿದ ಸಿಟ್ಟು ಎಲ್ಲಿಗೂ ಹೋಗಲಿಲ್ಲ, ಅವರೆಲ್ಲ ಮಾಡಿದ್ದು ತಪ್ಪೇ. ನಾನು ಬರೆದ ಸಾಲಿನ ಪ್ರಕಾರ ಮಾತ್ರ ತಾಯಿ ಮಗನಿಗೆ ಒಪ್ಪಿಸಿದ್ದರು. ಆ ಸಾಲು ಹೀಗೇ ಕೌಂಟರಿಗೆ ಹೋಗಿದ್ದರೆ ನನ್ನ ಪ್ರಮಾಣಪತ್ರ ಉಳಿಯುತ್ತಿತ್ತು, ಅವರ ಏಳು ವಾಕ್ಯ ಸುಳ್ಳಾಗುತ್ತಿತ್ತು.

"ಹರಿದು ಬೇರೆ ಹಾಳೆ ತಗೋತೀನಿ" ಎಂದೆ.

"ಬ್ಯಾಡ ತಂಗಿ. ಇದರಾಗನ ಕಾಟ್ ಹಾಕಿ, ಬಾಜೂಕ ಸಣ್ಣ ಸಹಿ ಮಾಡ್ರಿ."

ಆ ಸಾಲಿನ ಮೇಲೆ ಒಂದೇ ಗೆರೆ ಎಳೆದೆ, ಕೆಳಗಿರುವುದು ಓದಲು ಬರುವಂತೆ. ಪಕ್ಕದಲ್ಲಿ ಸಣ್ಣ ಸಹಿ ಹಾಕಿದೆ. ಅದರಡಿ, ಅವರನ್ನು ನಾನು ಕೇಳಲಿಲ್ಲ, ಎಂದು ಬರೆದೆ. ತಾಯಿ ಮತ್ತೊಮ್ಮೆ ಓದಿ ಕನ್ನಡಕ ತೆಗೆದರು. ಗುಮಾಸ್ತೆ ಮೂರೂ ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು ನಿಧಾನವಾಗಿ ತಾಳೆ ನೋಡಿ, ಮೊಹರು ಕೈಗೆ ತೆಗೆದುಕೊಂಡಳು.